ಅಂಗಳಕ್ಕೊಂದು ಬೆನ್ನಿಗೆ ಹಾಕುವ ಬ್ಲೋವರ್: ಫೋಂಡಾದಲ್ಲಿ ನಾವು ಆರಿಸಿದ ಬಗೆ

ಬೆನ್ನಿಗೆ ಹಾಕಿಕೊಳ್ಳುವ ಲೀಫ್ ಬ್ಲೋವರ್, ಅಂದರೆ ಗಾಳಿ ಊದಿ ಉದುರಿದ ಎಲೆ ದೂಡುವ ಯಂತ್ರ, ಕೊನೆಗೂ ಮನೆಗೆ ಬಂದಿದೆ. ಹುಡುಕಲು ಶುರು ಮಾಡಿದ್ದು ದೀಪಾವಳಿ ಮುಗಿದ ಮೇಲೆ. ಕೈಗೆ ಸಿಕ್ಕಿದ್ದು ಶಿಗ್ಮೊ, ಅಂದರೆ ಗೋವಾದ ಹೋಳಿ ಹೊತ್ತಿನ ಹಬ್ಬ, ಹತ್ತಿರ ಬಂದಾಗ. ನಡುವೆ ಅಂಗಡಿ, ಪೆಟ್ರೋಲ್ ಬಂಕ್, ವಾರಂಟಿ ಕಾಗದ ಅಂತ ಸಾಕಷ್ಟು ಓಡಾಡಿದೆವು. ಕೇಳಿ ತಿಳಿಯೋಣ ಎಂದರೆ ನಮ್ಮ ಪರಿಚಯದಲ್ಲಿ ಮನೆ ಅಂಗಳಕ್ಕೆ ಇದನ್ನು ತಂದವರು ಯಾರೂ ಇರಲಿಲ್ಲ. ಗೋವಾದಲ್ಲೋ ಪುಣೆ ಕಡೆಯಲ್ಲೋ ಮರಗಿಡ ಇರುವ ಮನೆ ಮಾಡಿಕೊಂಡ ನಮ್ಮ ಜನ ತುಂಬ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ನಡೆದ ಹಾಗೇ ಬರೆಯುತ್ತಿದ್ದೇನೆ.

ನಾವು ಅಂಕೋಲಾ ಕಡೆಯವರು. ನಮ್ಮವರ ಕೆಲಸಕ್ಕಾಗಿ ಬಂದು ಗೋವಾದಲ್ಲೇ ನಿಂತೆವು. ಫೋಂಡಾ ತಾಲೂಕಿನ ಒಂದು ಹಳ್ಳಿಯಲ್ಲಿ ಹಳೇ ಮನೆ, ಸುತ್ತ ಸುಮಾರು 2000 ಚದರ ಮೀಟರ್ ಜಾಗ. ನಮ್ಮ ಕಡೆಯ ಲೆಕ್ಕದಲ್ಲಿ 20 ಗುಂಟೆ. ಹಿಂದೆ ಹಲಸು, ಮಾವು, ಗೇರು. ಪಾಗಾರದ ಉದ್ದಕ್ಕೂ ತೇಗದ ಸಾಲು. ಗೇಟಿನ ಹತ್ತಿರ ಒಂದು ಗುಲ್‌ಮೊಹರ್. ಮಳೆ ನಿಂತು ಚಳಿ ಬಿದ್ದರೆ ಎಲೆ ಉದುರಲು ಶುರು. ಡಿಸೆಂಬರಿನಿಂದ ಮಾರ್ಚ್ ತನಕ ಬೆಳಿಗ್ಗೆ ಗುಡಿಸಿದ ಅಂಗಳ ಸಂಜೆಗೆ ಮತ್ತೆ ಮುಚ್ಚಿರುತ್ತದೆ. ತೇಗದ ಎಲೆ ಒಂದೊಂದೂ ಊಟದ ಎಲೆಯಷ್ಟು ದೊಡ್ಡದು. ಗುಲ್‌ಮೊಹರ್‌ನದು ಅಕ್ಕಿಕಾಳಿನಷ್ಟು. ಒಂದೇ ಕಸಬರಿಗೆಗೆ ಎರಡೂ ಬಗ್ಗುವುದಿಲ್ಲ.

ಇಷ್ಟು ವರ್ಷ ಕೊಪ್ಪಳ ಕಡೆಯ ಒಬ್ಬ ಅಕ್ಕ ಬಂದು ಗುಡಿಸಿ ಕೊಡುತ್ತಿದ್ದರು. ಈ ಸಲ ಅವರಿಗೆ ಮೊಣಕಾಲು ನೋವು ಜಾಸ್ತಿ ಆಯಿತು. ಬಗ್ಗಲು ಆಗುವುದಿಲ್ಲ ಎಂದರು. ಅವರಿಗೆ ಒಳಗಿನ ಕೆಲಸ ಕೊಟ್ಟು ಅಂಗಳವನ್ನು ನಾವೇ ನೋಡಿಕೊಳ್ಳೋಣ ಅಂತ ತೀರ್ಮಾನ ಮಾಡಿದೆವು. ನನಗೂ ಐವತ್ತು ದಾಟಿದೆ, ನಮ್ಮವರಿಗೆ ಸೊಂಟದ ತೊಂದರೆ. ಹಾಗಾಗಿ ಯಂತ್ರದ ಯೋಚನೆ ಬಂತು.

ರಾಶಿ ಹಾಕಿ ಬೆಂಕಿ ಕೊಡಿ ಅಂತ ಸುಮಾರು ಜನ ಹೇಳಿದರು. ಅದು ಮಾಡುವ ಹಾಗಿಲ್ಲ. 2016ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಡುವುದನ್ನು ದೇಶಕ್ಕೆಲ್ಲ ನಿಷೇಧಿಸಿದೆ. ಸುಮ್ನೆ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ. ದಂಡ ಆಮೇಲಿನ ಮಾತು, ಆ ಹೊಗೆಯಲ್ಲಿ ನಮ್ಮ ಅತ್ತೆಗೆ ಉಸಿರಾಡಲು ಕಷ್ಟ. ಎಲೆಯನ್ನು ಹಿತ್ತಲ ಗೊಬ್ಬರದ ಗುಂಡಿಗೆ ಮುಟ್ಟಿಸಬೇಕು, ಅಷ್ಟೇ ನಮ್ಮ ಅಗತ್ಯ.

ಮೊದಲು ಪರಿಚಯದವರಿಂದ ಕೈಯಲ್ಲಿ ಹಿಡಿಯುವ ಕರೆಂಟಿನ ಬ್ಲೋವರ್ ತಂದು ನೋಡಿದೆವು. ಅಂಗಡಿಗಳಲ್ಲಿ ಧೂಳು ಊದುವ ಬ್ಲೋವರ್ ಅಂತ ಮಾರುತ್ತಾರಲ್ಲ, ಅದೇ. ವರಾಂಡಕ್ಕೆ, ಕಾರು ನಿಲ್ಲಿಸುವ ಜಾಗಕ್ಕೆ ಚೆನ್ನಾಗಿದೆ. ಹಲಸಿನ ಎಲೆ ಮಾತ್ರ ಬಿದ್ದಲ್ಲೇ ಹೊರಳಿ ಬಿದ್ದುಕೊಂಡಿತು. ಮೇಲಾಗಿ ತೇಗದ ಸಾಲಿನ ತನಕ ವೈರ್ ಎಳೆಯಬೇಕು. ಬ್ಯಾಟರಿಯದ್ದೂ ವಿಚಾರಿಸಿದೆವು. ಶಬ್ದ ಕಡಿಮೆ, ಹೊಗೆ ಇಲ್ಲ, ಗುಂಡಿ ಒತ್ತಿದರೆ ಆಯಿತು. ನಿಮ್ಮ ಅಂಗಳ ಐದಾರು ಗುಂಟೆ ಒಳಗಿದ್ದರೆ ಅದನ್ನೇ ತೆಗೆದುಕೊಳ್ಳಿ, ಈ ಬರಹ ಇಲ್ಲಿಗೇ ಬಿಟ್ಟರೂ ನಡೆಯುತ್ತದೆ. ನಮ್ಮಷ್ಟು ಜಾಗಕ್ಕೆ ಪೂರ್ತಿ ಜೋರಿನಲ್ಲಿ ಓಡಿಸಿದರೆ ಸಣ್ಣ ಬ್ಯಾಟರಿ ಅರ್ಧ ಅಂಗಳಕ್ಕೂ ಸಾಲುವುದಿಲ್ಲ. ಬೆನ್ನಿಗೆ ಹಾಕುವ ದೊಡ್ಡ ಬ್ಯಾಟರಿಯ ಬೆಲೆ ಕೇಳಿದರೆ ಪೆಟ್ರೋಲ್ ಯಂತ್ರಕ್ಕಿಂತ ತುಂಬ ಮೇಲಿತ್ತು. ಹೀಗೆ ಪೆಟ್ರೋಲ್ ಎಂಜಿನ್‌ಗೆ ಬಂದು ನಿಂತೆವು.

ಈಗ ಅಂಕಿಗಳ ವಿಷಯ. ತಲೆ ಕೆಡುವುದು ಇಲ್ಲೇ.

ಒಂದು ಯಂತ್ರದ ಮೇಲೆ ಸಿಎಫ್‌ಎಂ ಅಂತ (ನಿಮಿಷಕ್ಕೆ ಇಷ್ಟು ಘನ ಅಡಿ) ಇರುತ್ತದೆ, ಇನ್ನೊಂದರ ಮೇಲೆ ಗಂಟೆಗೆ ಇಷ್ಟು ಘನ ಮೀಟರ್, ಮತ್ತೊಂದರಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್. ಮೊದಲ ಎರಡೂ ಎಷ್ಟು ಗಾಳಿ ಬರುತ್ತದೆ ಎಂಬ ಲೆಕ್ಕ. ಒಂದು ಸಿಎಫ್‌ಎಂ ಎಂದರೆ ಗಂಟೆಗೆ ಸುಮಾರು 1.7 ಘನ ಮೀಟರ್. ಹಾಗಾಗಿ 850 ಘನ ಮೀಟರ್ ಮತ್ತು 500 ಸಿಎಫ್‌ಎಂ ಎರಡೂ ಒಂದೇ. ದೊಡ್ಡ ಅಂಕಿ ನೋಡಿ ಅದೇ ಜೋರು ಅಂದುಕೊಳ್ಳಬೇಡಿ. ಮೂರನೆಯದು ಗಾಳಿಯ ವೇಗ. ಗಿಡಕ್ಕೆ ನೀರು ಹಾಕುವ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಆದರೆ ಕೊಡ ಬೇಗ ತುಂಬುವುದಿಲ್ಲ ಅಲ್ವಾ? ಇದೂ ಹಾಗೆಯೇ. ನೆಲಕ್ಕೆ ಅಂಟಿದ ಒದ್ದೆ ಎಲೆ ಎಬ್ಬಿಸಲು ವೇಗ ಬೇಕು. ಎದ್ದ ಎಲೆಯ ರಾಶಿಯನ್ನು ಮುಂದಕ್ಕೆ ತಳ್ಳಿಕೊಂಡು ಹೋಗಲು ಗಾಳಿಯ ಪ್ರಮಾಣ ಬೇಕು. ಬರೀ ವೇಗದ ಅಂಕಿ ದೊಡ್ಡದಾಗಿ ಬರೆದು ಪ್ರಮಾಣ ಹೇಳದಿದ್ದರೆ ಅನುಮಾನ ಪಡಿ.

ಎರಡನ್ನೂ ಸೇರಿಸಿ ಹೇಳುವ ಒಂದು ಅಳತೆ ಇದೆ. ಅದು ಊದುವ ಬಲ, ನ್ಯೂಟನ್ ಲೆಕ್ಕದಲ್ಲಿ. ಒಳ್ಳೆಯ ಕಂಪನಿಗಳ ಪುಸ್ತಕದಲ್ಲಿ ಬರೆದಿರುತ್ತಾರೆ. ಒಂದು ಯಂತ್ರಕ್ಕೆ ಇನ್ನೊಂದನ್ನು ಹೋಲಿಸಲು ಇದೇ ಸರಿಯಾದ ಅಂಕಿ. ಇನ್ನೊಂದು ಮಾತು: ಕೆಲವು ಕಡೆ ಗಾಳಿಯ ಪ್ರಮಾಣವನ್ನು ಪೈಪ್ ಜೋಡಿಸದೆ ಅಳೆದು ಬರೆದಿರುತ್ತಾರೆ. ಪೈಪ್ ಹಾಕಿದ ಮೇಲೆ ಅಂಕಿ ಇಳಿಯುತ್ತದೆ. ಯಾವುದು ಅಂತ ಕೇಳಿ ತಿಳಿದುಕೊಳ್ಳಿ.

ಎಂಜಿನ್ ಗಾತ್ರ ಸಾಮಾನ್ಯವಾಗಿ 40ರಿಂದ 75 ಸಿಸಿ. ಹೆಚ್ಚಿನವು ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವಂಥವು. ಹಸ್ಕ್ವರ್ನಾ 350 ಬಿಟಿ ಸುಮಾರು 50 ಸಿಸಿ, 10 ಕೆಜಿ ಚಿಲ್ಲರೆ ತೂಕ. ಸ್ಟಿಲ್ ಬಿಆರ್ 600 ಸುಮಾರು 65 ಸಿಸಿ, ತೂಕ 10 ಕೆಜಿಗೆ ಸ್ವಲ್ಪ ಕಮ್ಮಿ. ಮಕಿತಾದಲ್ಲಿ 75 ಸಿಸಿಯ ಫೋರ್ ಸ್ಟ್ರೋಕ್ ಇದೆ, ಅದಕ್ಕೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಇಲ್ಲ, ಆಯಿಲ್ ಬೇರೆಯೇ ಹಾಕುವುದು. ಬಿಆರ್ 600ರ ಎಂಜಿನ್‌ನಲ್ಲಿ ಫೋರ್ ಸ್ಟ್ರೋಕ್ ಥರ ವಾಲ್ವ್ ಇದ್ದರೂ ಆಯಿಲ್ ಬೆರೆಸಿಯೇ ಹಾಕಬೇಕು. ಇವನ್ನೆಲ್ಲ ಓದಿ ತಿಳಿದುಕೊಂಡು ಹೋದದ್ದು ಅಂಗಡಿಯಲ್ಲಿ ಉಪಯೋಗಕ್ಕೆ ಬಂತು.

ಫೋಂಡಾದ ಕೃಷಿ ಸಾಮಾನಿನ ಅಂಗಡಿಗೆ ಹೋದಾಗ ಅವರು ಮೊದಲು ಕೇಳಿದ್ದು, "ಕೃಷಿ ಕಾರ್ಡ್ ಇದೆಯಾ?" ಅಂತ. ಸಬ್ಸಿಡಿಗೆ ಅಂತ ಇಲ್ಲಿಯ ರೈತರಿಗೆ ಸರ್ಕಾರ ಕೊಡುವ ಕಾರ್ಡ್ ಅದು, ನಮಗಿಲ್ಲ. ಮಾವು, ಗೇರಿಗೆ ಔಷಧ ಹೊಡೆಯುವ ಮಿಸ್ಟ್ ಬ್ಲೋವರ್ ತೋರಿಸಿದರು. ನಮ್ಮ ಊರಿನ ತೋಟದವರ ಹತ್ತಿರ ಇರುವಂಥದ್ದೇ. ಬೆನ್ನಿಗೆ ಹಾಕುವುದು, ಮೇಲೆ ಔಷಧದ ಟ್ಯಾಂಕ್, ಎಂಜಿನ್ ಟೂ ಸ್ಟ್ರೋಕ್. "ಟ್ಯಾಂಕ್ ಖಾಲಿ ಬಿಟ್ಟು ಗಾಳಿ ಮಾತ್ರ ಬಿಡಿ, ಎಲೆ ಹಾರುತ್ತದೆ" ಎಂದರು. ಬೆಲೆಯೂ ಬ್ಲೋವರ್‌ನ ಅರ್ಧಕ್ಕಿಂತ ಕಡಿಮೆ. ಎಲೆ ಹಾರುವುದೇನೋ ನಿಜ. ಆದರೆ ಅದರ ಗಾಳಿಯನ್ನು ಹೊಂದಿಸಿರುವುದು ಔಷಧವನ್ನು ಹನಿಹನಿಯಾಗಿ ಮರದ ಮೇಲಕ್ಕೆ ಒಯ್ಯಲು. ಟ್ಯಾಂಕ್ ಇರುವುದರಿಂದ ಬೆನ್ನ ಮೇಲೆ ದಪ್ಪ ಜಾಸ್ತಿ, ಭಾರವೂ ಹಿಂದಕ್ಕೆ ಎಳೆಯುತ್ತದೆ. ಗೇರು ತೋಟ ಇರುವವರು ಔಷಧಕ್ಕೆ ಅಂತ ತಂದರೆ ಒಳ್ಳೆಯದೇ. ಒಮ್ಮೆ ಔಷಧ ಹೊಡೆದ ಯಂತ್ರವನ್ನು ಮಾತ್ರ ದಯವಿಟ್ಟು ಮನೆ ಅಂಗಳದಲ್ಲಿ ಊದಬೇಡಿ. ಪೈಪಿನೊಳಗೆ ಉಳಿದದ್ದು ಮಕ್ಕಳಾಡುವ ಜಾಗಕ್ಕೆ ಬೀಳುತ್ತದೆ.

ಅದೇ ಬೀದಿಯಲ್ಲಿ ಹೆಸರೇ ಕೇಳಿರದ ಬ್ರ್ಯಾಂಡಿನ ಬ್ಲೋವರ್‌ಗಳೂ ಇದ್ದವು. 12ರಿಂದ 18 ಸಾವಿರದವರೆಗೆ ಹೇಳಿದರು. ಕಾರ್ಬುರೇಟರಿನ ಡಯಾಫ್ರಾಮ್ (ಪೆಟ್ರೋಲ್ ಎಳೆದುಕೊಡುವ ತೆಳು ಪೊರೆ) ಹೋದರೆ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. "ನೋಡೋಣ, ತರಿಸಿ ಕೊಡುತ್ತೇವೆ" ಎಂಬ ಉತ್ತರ ಬಂತು. ಬಿಡಿ ಭಾಗ ಸಿಗದ ಯಂತ್ರ ಎರಡನೇ ವರ್ಷ ಮೂಲೆಗೆ ಸೇರುತ್ತದೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ: ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಎಳೆಯುವ ಹಗ್ಗ, ಕಾರ್ಬುರೇಟರ್ ಡಯಾಫ್ರಾಮ್, ಈ ನಾಲ್ಕೂ ಅಂಗಡಿಯ ಕಪಾಟಿನಲ್ಲಿ ಇವೆಯಾ ಅಂತ ಕಣ್ಣಾರೆ ನೋಡಿ. ಆಮೇಲೆ ಬೆಲೆ ಮಾತಾಡಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ ನಿಜ. ಬೆಳಗಾವಿಯಿಂದಲೂ ತರಿಸಬಹುದಿತ್ತು. ಆದರೆ ಯಂತ್ರ ಕೈಕೊಟ್ಟಾಗ ಚೋರ್ಲಾ ಘಾಟ್ ಹತ್ತಿ ಹೋಗುವವರು ಯಾರು? ಹಾಗಾಗಿ ಮಡಗಾಂವ್‌ನ ಒಬ್ಬ ಡೀಲರ್ ಹತ್ತಿರ ಹೋದೆವು. ಅವರಲ್ಲಿ ಸ್ವಂತ ಮೆಕ್ಯಾನಿಕ್ ಇದ್ದಾನೆ ಎಂಬುದೇ ಮುಖ್ಯ ಕಾರಣ. ಗೋವಾಕ್ಕೆ ಹೊಸಬರಾದವರಿಗೆ ಒಂದು ಮಾತು: ಇಲ್ಲಿ ಹೆಚ್ಚಿನ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಬಾಗಿಲು ಹಾಕಿರುತ್ತವೆ. ಬೆಳಿಗ್ಗೆಯೇ ಹೋಗಿ.

ನಾನು ಮೊದಲೇ ಹೇಳಿದ್ದೆ, ಬೆನ್ನಿಗೆ ಹಾಕಿ, ಎಂಜಿನ್ ಚಾಲೂ ಮಾಡಿ ನೋಡದೆ ದುಡ್ಡು ಕೊಡುವುದಿಲ್ಲ ಅಂತ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಆದರೆ ಡೆಮೊ ಯಂತ್ರ ಅಂಗಡಿಯಲ್ಲಿರಲಿಲ್ಲ, ಪುಣೆಯಿಂದ ಬರಬೇಕು ಎಂದರು. ಆಗ ಡಿಸೆಂಬರ್. ಕ್ರಿಸ್‌ಮಸ್, ಹೊಸ ವರ್ಷದ ಹೊತ್ತಿಗೆ ಇಲ್ಲಿನ ರೆಸಾರ್ಟ್‌ಗಳಿಗೆಲ್ಲ ಅಂಗಳ ಚೊಕ್ಕ ಇರಬೇಕು. ಬಂದ ಯಂತ್ರಗಳೆಲ್ಲ ಅವರಿಗೇ ಹೋದವು. ಫೋನ್ ಮಾಡಿದಾಗಲೆಲ್ಲ "ಬರುವ ವಾರ" ಅನ್ನುವುದೇ. ಎಲೆ ಬೀಳುವುದು ನಿಲ್ಲುತ್ತದೆಯೇ? ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಮೆಟ್ಟಿಲೂ ಕಾಣುತ್ತಿರಲಿಲ್ಲ. ಸುಮ್ನೆ ಯಾವುದಾದರೂ ಒಂದನ್ನು ತಂದುಬಿಡೋಣ ಅಂತ ಮನೆಯಲ್ಲಿ ಮಾತು ಶುರುವಾಯಿತು. ನಾನು ಗಟ್ಟಿಯಾಗಿ ಬೇಡ ಎಂದೆ. ಹತ್ತು ಕೆಜಿ ಹೊರಬೇಕಾದವಳು ನಾನು. ನೋಡದೆ ಹೇಗೆ ತರುವುದು? ಇಷ್ಟು ಖರ್ಚು ಮಾಡುವಾಗ ಕಾಯುವುದಕ್ಕೆ ಮನಸ್ಸು ಗಟ್ಟಿ ಇರಬೇಕು. ತಾತ್ಕಾಲಿಕಕ್ಕೆ ಅಗಲವಾದ ಪ್ಲಾಸ್ಟಿಕ್ ಹಲ್ಲಿನ ಎಲೆ ಬಾಚಣಿಗೆ ತಂದು ದಾರಿ ಮಾತ್ರ ಬಿಡಿಸಿಕೊಂಡೆವು.

ಕಾಯುವ ಸಮಯದಲ್ಲಿ ಪೆಟ್ರೋಲ್ ವ್ಯವಸ್ಥೆ ಮಾಡಿಕೊಳ್ಳೋಣ ಅಂತ ಹೊರಟೆವು. ಇಲ್ಲಿ ಎದುರಾದ ಅಡ್ಡಿ ನಾವು ಯೋಚಿಸಿಯೇ ಇರಲಿಲ್ಲ. ನಮ್ಮ ಹತ್ತಿರದ ಬಂಕ್‌ನಲ್ಲಿ ಪ್ಲಾಸ್ಟಿಕ್ ಕ್ಯಾನ್ ನೋಡಿದ ಕೂಡಲೇ ಹುಡುಗ ಕೈ ಆಡಿಸಿಬಿಟ್ಟ. ಬಾಟಲಿ, ಕ್ಯಾನ್‌ಗೆ ಹಾಕುವುದಿಲ್ಲ, ಗಾಡಿಗೆ ಮಾತ್ರ. ಇನ್ನೊಂದು ಕಡೆ ಹೋದರೂ ಅದೇ ಮಾತು. ಸ್ಕೂಟರಿಗೆ ತುಂಬಿಸಿ ಪೈಪ್ ಹಾಕಿ ತೆಗೆಯಿರಿ ಅಂತ ಯಾರೋ ಸಲಹೆ ಕೊಟ್ಟರು. ಅಂಥದ್ದು ಮಾಡಬೇಡಿ, ಅಪಾಯ.

ಕಾನೂನು ಏನು ಹೇಳುತ್ತದೆ ಅಂತ ನಮ್ಮವರು ಕೂತು ಓದಿದರು. 1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಂನಲ್ಲಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ ಒಟ್ಟು 30 ಲೀಟರ್ ತನಕ ಪೆಟ್ರೋಲನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಒಯ್ಯಬಹುದು. ಆದರೆ ಬಾಯಿ ಭದ್ರವಾಗಿ ಮುಚ್ಚುವ ಪಾತ್ರೆಯಲ್ಲಿ. ಲೋಹದ್ದಾದರೆ 25 ಲೀಟರ್ ತನಕ, ಗಾಜು ಅಥವಾ ಪಿಂಗಾಣಿ ಥರದ್ದಾದರೆ ಒಂದೇ ಲೀಟರ್. ಪ್ಲಾಸ್ಟಿಕ್ಕಿನ ಹೆಸರೇ ಆ ಪಟ್ಟಿಯಲ್ಲಿಲ್ಲ. ಬಂಕ್‌ನವರು ಬೇಡ ಎಂದದ್ದು ಸರಿಯೇ. ನಾವು ಐದು ಲೀಟರಿನ ತಗಡಿನ ಜೆರಿಕ್ಯಾನ್ ತಂದೆವು, ತಿರುಗಿಸುವ ಮುಚ್ಚಳ, ಒಳಗೆ ರಬ್ಬರ್ ವಾಷರ್ ಇರುವಂಥದ್ದು. ಅದನ್ನು ಹಿಡಿದು, ಜನಸಂದಣಿ ಇಲ್ಲದ ಹೊತ್ತಿನಲ್ಲಿ, ಸೀದಾ ಬಂಕ್‌ನ ಮ್ಯಾನೇಜರ್ ಹತ್ತಿರ ಹೋಗಿ ಯಂತ್ರದ ಕೊಟೇಶನ್ ತೋರಿಸಿದೆವು. ಅವರು ನೋಡಿ, ಹೆಸರು, ನಂಬರ್ ಬರೆದುಕೊಂಡು ಎರಡು ಲೀಟರ್ ಹಾಕಿಸಿಕೊಟ್ಟರು. ಕೊಡಲೇಬೇಕು ಅಂತ ಅವರಿಗೇನೂ ಇಲ್ಲ, ಹಾಗಾಗಿ ಮಾತು ನಯವಾಗಿರಲಿ. ಯಂತ್ರ ಕೊಂಡ ಮೇಲೆ ಬಿಲ್ಲಿನ ಜೆರಾಕ್ಸ್ ಕ್ಯಾನ್ ಜೊತೆಗೇ ಇಡಿ. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಬೇಕು, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಲ್ಲ.

ಪೆಟ್ರೋಲಿನದೇ ಇನ್ನೊಂದು ವಿಷಯ ಇದೆ, ಇದನ್ನು ಗಮನ ಕೊಟ್ಟು ಓದಿ. ಈಗ ಬಂಕ್‌ಗಳಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್. ಇಂಥ ಸಣ್ಣ ಎಂಜಿನ್‌ಗಳ ಎಷ್ಟೋ ಪುಸ್ತಕಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಎಥೆನಾಲ್ ಬೇಡ ಅಂತ ಬರೆದಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಕೇಳಬೇಕೇ? ಹಲವು ದಿನ ಟ್ಯಾಂಕಿನಲ್ಲಿ ಉಳಿದರೆ ನೀರು ಬೇರೆಯಾಗಿ ತಳಕ್ಕೆ ಇಳಿಯುತ್ತದೆ, ಕಾರ್ಬುರೇಟರಿನ ರಬ್ಬರ್ ಭಾಗಗಳು ಗಟ್ಟಿಯಾಗುತ್ತವೆ. ನಾನು ಡೀಲರ್ ಹತ್ತಿರ, "ಇ20 ಹಾಕಿದರೆ ವಾರಂಟಿ ನಡೆಯುತ್ತದಾ? ಬರೆದು ಕೊಡಿ" ಎಂದೆ. ಅವರು ಕಂಪನಿಗೆ ಕೇಳಿ ಮೇಲ್ ತರಿಸಿಕೊಟ್ಟರು. ಆ ಮೇಲ್ ಬರುವ ತನಕ ಮುಂಗಡ ಕೊಡಲಿಲ್ಲ. ನೀವೂ ಬಾಯಿಮಾತಿಗೆ ಒಪ್ಪಬೇಡಿ.

ಜನವರಿ ಕೊನೆಗೆ ಡೆಮೊ ಯಂತ್ರ ಬಂತು, ಎರಡು ಬಗೆಯವು. ಒಂದು 65 ಸಿಸಿ ದರ್ಜೆಯದು, ಒಂದು 50. ಮೆಕ್ಯಾನಿಕ್ ಹುಡುಗ ಅವನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮ ಮನೆಗೇ ತಂದ. ಬಂದು ಮಾತಾಡಿಸಿದರೆ ಗದಗ ಕಡೆಯ ಹುಡುಗ. ಅಲ್ಲಿಂದ ಕೆಲಸ ಸಲೀಸಾಯಿತು.

"ಅಕ್ಕಾರ, ಮೊದ್ಲ ಯಂತ್ರ ಬಂದ್ ಇರೂವಾಗನ ಹಾಕ್ಕೊಂಡ್ ನೋಡ್ರಿ" ಅಂದ. ನಮ್ಮ ಮನೆಯ ಮುಂಬಾಗಿಲಿನ ಎರಡೂ ಕಡೆ ಕೂರುವ ಕಟ್ಟೆ ಇದೆ, ಇಲ್ಲಿಯವರು ಸೊಪೊ ಅನ್ನುತ್ತಾರೆ. ಯಂತ್ರವನ್ನು ಅದರ ಅಂಚಿನಲ್ಲಿ ಇಟ್ಟು, ನಾನು ಬೆನ್ನು ತಿರುಗಿಸಿ ನಿಂತು, ಪಟ್ಟಿಗಳೊಳಗೆ ತೋಳು ಹಾಕಿ ಎದ್ದೆ. ನೆಲದಿಂದ ಎತ್ತಿ ಬೆನ್ನಿಗೆ ಏರಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಸುಲಭ. ಮನೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕಟ್ಟೆಯೋ ಗಟ್ಟಿ ಮೇಜೋ ಇದಕ್ಕೆ ಅಂತಲೇ ಇರಲಿ.

ನಾನು ಐದಡಿ ಎರಡಿಂಚು. 65ರದ್ದನ್ನು ಹಾಕಿಕೊಂಡಾಗ ಭಾರ ಅಂಥ ವ್ಯತ್ಯಾಸ ಅನಿಸಲಿಲ್ಲ. ಆದರೆ ಹೆಗಲ ಪಟ್ಟಿ ಪೂರ್ತಿ ಬಿಗಿ ಮಾಡಿದರೂ ಬೆನ್ನಿಗೂ ಯಂತ್ರಕ್ಕೂ ನಡುವೆ ಒಂದು ಅಂಗೈ ಜಾಗ ಉಳಿಯುತ್ತಿತ್ತು. ಸೊಂಟದ ಪಟ್ಟಿ ನನ್ನ ತೊಡೆಯ ಹತ್ತಿರ ಬಂತು. ಪೈಪ್ ಪೂರ್ತಿ ಒಳಗೆ ತಳ್ಳಿದ ಮೇಲೂ ಕೈ ನೇರ ಇಳಿಬಿಟ್ಟರೆ ಬಾಯಿ ನೆಲಕ್ಕೆ ತಾಗುತ್ತಿತ್ತು. ಎತ್ತಿ ಹಿಡಿಯಬೇಕಾದರೆ ಮಣಿಕಟ್ಟು ಮಡಚಬೇಕು. ಹುಡುಗ ಸುತ್ತ ನಡೆದು ನೋಡಿ ಹೇಳಿದ, "ಇದು ನಿಮ್ಮ ಅಳತಿಗೆ ಅಲ್ರಿ ಅಕ್ಕಾರ. ರೆಸಾರ್ಟ್‌ನ್ಯಾಗ ಆರಡಿ ಹುಡುಗರು ಹೊರ್ತಾರ, ಅವ್ರಿಗೆ ಸರಿ."

ಆದರೂ ಚಾಲೂ ಮಾಡಿ ನೋಡಿದೆ. ಆಗ ಗೊತ್ತಾದದ್ದು ಕಾಗದದಲ್ಲಿ ಎಲ್ಲೂ ಬರೆದಿರಲಿಲ್ಲ. ಪೂರ್ತಿ ಎಕ್ಸಲರೇಟರ್ ಕೊಟ್ಟರೆ ಗಾಳಿಯ ಒತ್ತಡಕ್ಕೆ ಪೈಪ್ ತಾನಾಗಿಯೇ ಹಿಂದಕ್ಕೆ, ಪಕ್ಕಕ್ಕೆ ತಳ್ಳುತ್ತದೆ. ಅದನ್ನು ಮುಂದೆ ಹಿಡಿದಿಡಲು ಬಲಗೈ ಇಡೀ ಹೊತ್ತು ಬಿಗಿಯಾಗಿರಬೇಕು. ದೊಡ್ಡ ಎಂಜಿನ್‌ನಲ್ಲಿ ಈ ತಳ್ಳಾಟ ಜಾಸ್ತಿ. ತೇಗದ ಸಾಲಿನ ಅರ್ಧಕ್ಕೆ ಬರುವಾಗಲೇ ನನ್ನ ಮೊಣಕೈ ನೋಯತೊಡಗಿತು. ಬಲ ಏನೋ ಅದ್ಭುತ. ಎಲೆಯ ಗೋಡೆಯನ್ನೇ ಮುಂದೆ ದೂಡಿಕೊಂಡು ಹೋಯಿತು. ಆದರೆ ನಮ್ಮ ಚೀರೆಕಲ್ಲಿನ ಕೆಂಪು ಧೂಳನ್ನೂ ಹೂವಿನ ಗಿಡದ ಬುಡದ ಮಣ್ಣನ್ನೂ ಎಬ್ಬಿಸಿತು. ಒಣಗಲು ಹಾಕಿದ ಬಟ್ಟೆ ಎಲ್ಲ ಕೆಂಪು.

50ರದ್ದು ಬೆನ್ನಿಗೆ ಅಂಟಿಕೊಂಡು ಕೂತಿತು. ಸೊಂಟದ ಪಟ್ಟಿ ಸೊಂಟಕ್ಕೇ ಬಂತು, ಭಾರ ಹೆಗಲಿನಿಂದ ಇಳಿದು ಸೊಂಟ ಹೊತ್ತಿತು. ಎದೆಯ ಪಟ್ಟಿಯೂ ಇತ್ತು, ಹೆಣ್ಣುಮಕ್ಕಳಿಗೆ ಅದು ಎಲ್ಲಿ ಬರುತ್ತದೆ ಅಂತ ಹಾಕಿ ನೋಡುವುದು ಮುಖ್ಯ, ಸುಮ್ಮನೆ ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುವುದಿಲ್ಲ. ಎಕ್ಸಲರೇಟರ್ ಪೈಪಿನ ಹಿಡಿಯಲ್ಲೇ ಇತ್ತು. ಕೆಲವು ಯಂತ್ರಗಳಲ್ಲಿ ಅದು ಎಡಗಡೆ ಸೊಂಟದ ಹತ್ತಿರ ಬೇರೆ ಕಡ್ಡಿಯಲ್ಲಿರುತ್ತದೆ, ಆಗ ಎರಡೂ ಕೈಗೆ ಕೆಲಸ. ನನಗೆ ಎಡಗೈ ಖಾಲಿ ಬೇಕಿತ್ತು, ಬಿದ್ದ ತೆಂಗಿನ ಗರಿ ಎಳೆದು ಹಾಕಲು, ಗೇಟ್ ತೆಗೆಯಲು. ಅದೇ ಹಿಡಿಯಲ್ಲಿ ವೇಗವನ್ನು ಒಂದು ಕಡೆ ನಿಲ್ಲಿಸಿಡುವ ಲಿವರ್ ಕೂಡ ಇತ್ತು. ಬೆರಳು ಒತ್ತಿಕೊಂಡೇ ಇರಬೇಕಾಗಿಲ್ಲ. ಹಲಸಿನ ಎಲೆ, ತೇಗದ ಎಲೆ ಎರಡನ್ನೂ ಮುಕ್ಕಾಲು ವೇಗದಲ್ಲೇ ದೂಡಿತು. ಮನಸ್ಸು ಅಲ್ಲೇ ಗಟ್ಟಿಯಾಯಿತು.

ಶಬ್ದದ ಬಗ್ಗೆ ನನಗೆ ಮೊದಲಿನಿಂದ ಅಳುಕು ಇತ್ತು. ಹೊರುವವರ ಕಿವಿಯ ಹತ್ತಿರ 100 ಡೆಸಿಬೆಲ್ ಆಸುಪಾಸು ಬರುತ್ತದೆ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿ 45 ಡೆಸಿಬೆಲ್ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ದೂರ ಹೋದಷ್ಟೂ ಶಬ್ದ ಕಮ್ಮಿಯಾಗುತ್ತದೆ, ಆದರೂ ಪಾಗಾರದ ಆಚೆ ಮನುಷ್ಯರಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ಇಂಥ ಸಣ್ಣ ಪೆಟ್ರೋಲ್ ಎಂಜಿನ್‌ಗಳನ್ನು ಹೊಸದಾಗಿ ತಯಾರಿಸಿ ಮಾರುವುದಕ್ಕೇ ಕಡಿವಾಣ ಹಾಕಿದ್ದಾರೆ ಎಂದರೆ ಯೋಚಿಸಿ. ಡೆಮೊ ದಿನ ನಾನೇ ಪಕ್ಕದ ಮನೆಯ ಅಜ್ಜನ ಹತ್ತಿರ ಹೋಗಿ ಮೊದಲೇ ಹೇಳಿ ಬಂದಿದ್ದೆ. ಆಮೇಲೆ ಹೋಗಿ ಹೇಗಿತ್ತು ಅಂತ ಕೇಳಿದೆ. ಅವರು ಹೇಳಿದ್ದಿಷ್ಟೇ: ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಬೇಡ, ಊಟದ ನಂತರ ನಾಲ್ಕರ ತನಕ ಬೇಡ, ಭಾನುವಾರ ಬೇಡವೇ ಬೇಡ. ನ್ಯಾಯವಾದ ಮಾತು. ಅದನ್ನೇ ನಮ್ಮ ನಿಯಮ ಮಾಡಿಕೊಂಡಿದ್ದೇವೆ. ನೀವೂ ಯಂತ್ರ ಕೊಳ್ಳುವ ಮೊದಲೇ ಅಕ್ಕಪಕ್ಕದವರ ಹತ್ತಿರ ಮಾತಾಡಿ. ಕೊಂಡ ಮೇಲೆ ಮಾತು ಬೆಳೆಯುತ್ತದೆ.

ಬ್ರ್ಯಾಂಡ್ ಯಾವುದು ಅಂತ ಬರೆಯುತ್ತಿಲ್ಲ. ನಿಮ್ಮ ಎತ್ತರ, ನಿಮ್ಮ ಊರಿನ ಮೆಕ್ಯಾನಿಕ್ ನೋಡಿ ಅದು ಬೇರೆಯೇ ಆಗಬಹುದು. ನಾವು ವಿಚಾರಿಸಿದ ಹೆಸರಾಂತ ಕಂಪನಿಗಳ ಯಂತ್ರಗಳು 35ರಿಂದ 55 ಸಾವಿರದ ನಡುವೆ ಇದ್ದವು. ನಮ್ಮದು 41 ಸಾವಿರ ಚಿಲ್ಲರೆ ಆಯಿತು. ಕಿವಿಗೆ ಹಾಕುವ ಇಯರ್ ಮಫ್, ಕಣ್ಣಿಗೆ ಕನ್ನಡಕ, ಒಂದು ಲೀಟರ್ ಟೂ ಸ್ಟ್ರೋಕ್ ಆಯಿಲ್, ತಗಡಿನ ಕ್ಯಾನ್ ಸೇರಿ ಮೇಲೆ ಇನ್ನೂ ಮೂರೂವರೆ ಸಾವಿರ. ಈ ಮೇಲಿನ ಖರ್ಚು ಯಾರೂ ಮೊದಲೇ ಹೇಳುವುದಿಲ್ಲ, ಲೆಕ್ಕಕ್ಕೆ ಹಿಡಿದಿರಿ.

ದುಡ್ಡು ಕೊಟ್ಟಾಯಿತು, ಇನ್ನು ಮುಗಿಯಿತು ಅಂದುಕೊಂಡೆವು. ವಾರಂಟಿ ನೋಂದಣಿಯಲ್ಲಿ ಮತ್ತೆ ಸಿಕ್ಕಿತು ಗಂಟು. ಬಿಲ್ಲಿನಲ್ಲಿ ಬರೆದ ಸೀರಿಯಲ್ ನಂಬರಿಗೂ ಯಂತ್ರದ ಮೇಲಿನ ಚೀಟಿಗೂ ಒಂದು ಅಂಕಿ ವ್ಯತ್ಯಾಸ. ಅದಲ್ಲದೆ ಅಂಗಡಿಯವರು ಬಳಕೆ ಎಂಬ ಕಡೆ ವಾಣಿಜ್ಯ ಅಂತ ಗುರುತು ಮಾಡಿದ್ದರು. ಅವರ ಗಿರಾಕಿಗಳೆಲ್ಲ ರೆಸಾರ್ಟಿನವರೇ ಆದ್ದರಿಂದ ಕೈ ರೂಢಿಯಲ್ಲಿ ಹಾಗೆ ಬರೆದಿದ್ದರಂತೆ. ಆದರೆ ಮನೆ ಬಳಕೆಗೆ ವಾರಂಟಿ ಅವಧಿ ಉದ್ದ, ವಾಣಿಜ್ಯಕ್ಕೆ ಕಡಿಮೆ. ನಮಗೆ ಸಿಟ್ಟು ಬಂತು. ಬಿಲ್ ರದ್ದು ಮಾಡಿ ಹೊಸದು ಕೊಡುವುದಕ್ಕೆ ಜಿಎಸ್‌ಟಿ ಲೆಕ್ಕದ ಕಾರಣ ಹೇಳಿ ಬಹಳ ಎಳೆದಾಡಿದರು. ನಾವು ಬಿಡಲಿಲ್ಲ. ಸರಿಯಾದ ಬಿಲ್ ಕೈಗೆ ಬರುವ ತನಕ ಯಂತ್ರ ಪೆಟ್ಟಿಗೆಯಲ್ಲೇ ಇತ್ತು. ನೀವು ಅಂಗಡಿಯಲ್ಲಿ ನಿಂತಾಗಲೇ ಚೀಟಿಯ ಫೋಟೋ ತೆಗೆದು, ಬಿಲ್ಲಿನ ಜೊತೆ ಒಂದೊಂದು ಅಂಕಿ ತಾಳೆ ನೋಡಿ, ಬಳಕೆಯ ಕಡೆ ಏನು ಬರೆದಿದ್ದಾರೆ ಅಂತ ಓದಿ ಹೊರಡಿ.

ಈಗ ಬಳಸುವ ರೀತಿ. ನಮ್ಮ ಯಂತ್ರಕ್ಕೆ ಕಂಪನಿಯ ಆಯಿಲ್ ಆದರೆ 50ಕ್ಕೆ ಒಂದು, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ. ನಿಮ್ಮ ಪುಸ್ತಕದಲ್ಲಿ 25ಕ್ಕೆ ಒಂದು ಅಂತ ಇದ್ದರೆ 40 ಮಿಲಿ. ಔಷಧದ ಅಂಗಡಿಯಲ್ಲಿ ಸಿಗುವ ಸೂಜಿ ಇಲ್ಲದ ಸಿರಿಂಜ್‌ನಿಂದ ಅಳೆದರೆ ಸರಿ ಬರುತ್ತದೆ. ಬೇಕಾದಷ್ಟನ್ನೇ ಬೆರೆಸಿ. ಪೂರ್ತಿ ವೇಗದಲ್ಲಿ ಗಂಟೆಗೆ ಒಂದು ಲೀಟರ್ ಮೇಲೆ ಕುಡಿಯುತ್ತದೆ, ಆದರೆ ಆ ವೇಗ ಬೇಕಾಗುವುದೇ ಅಪರೂಪ.

ಬೆಳಗಿನ ಇಬ್ಬನಿ ಆರುವ ತನಕ ಕಾಯಿರಿ. ಚೀರೆಕಲ್ಲಿಗೆ ಅಂಟಿದ ಒದ್ದೆ ಮಾವಿನ ಎಲೆ ಎಬ್ಬಿಸಲು ಸುಮ್ಮನೆ ಪೆಟ್ರೋಲ್ ಖರ್ಚು. ಗಾಳಿ ಬೀಸುವ ದಿಕ್ಕಿಗೇ ಊದಿ. ಮನೆಯ ಗೋಡೆಯಿಂದ ಶುರು ಮಾಡಿ ಹೊರಗೆ ಹೋಗಬೇಕು. ಜಲ್ಲಿ ಹಾಕಿದ ದಾರಿಯಲ್ಲಿ ವೇಗ ಇಳಿಸಿ, ಕಲ್ಲು ಹಾರಿ ಕಾರಿನ ಗಾಜಿಗೆ ಬೀಳಬಹುದು. ಪೈಪಿನ ತುದಿಗೆ ಹಾಕುವ ಅಗಲ ಬಾಯಿ ಗುಲ್‌ಮೊಹರ್ ಎಲೆಗೆ ಒಳ್ಳೆಯದು, ದುಂಡು ಬಾಯಿ ತೇಗಕ್ಕೆ. ತೆಂಗು, ಮಾವಿನ ಬುಡದ ಎಲೆಯನ್ನು ನಾವು ಮುಟ್ಟುವುದಿಲ್ಲ. ಅಲ್ಲೇ ಕೊಳೆತರೆ ಮರಕ್ಕೇ ಒಳ್ಳೆಯದು, ತೇವವೂ ಉಳಿಯುತ್ತದೆ.

ಹಳೇ ರಾಶಿಗೆ ಊದುವ ಮೊದಲು ದೂರದಿಂದ ಕೋಲಿನಲ್ಲಿ ಕೆದಕಿ. ಒಣ ಎಲೆಯಲ್ಲಿ ಮಂಡಲದ ಹಾವು ಮಲಗಿದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿ ಮುಚ್ಚಿಕೊಂಡವರಿಗೆ ಅದರ ಬುಸುಗುಡುವ ಸದ್ದೂ ಕೇಳುವುದಿಲ್ಲ. ಮೊಣಕಾಲಿನ ತನಕ ಬರುವ ಗಮ್‌ಬೂಟ್ ಇಲ್ಲದೆ ನಾನು ಯಂತ್ರ ಹಾಕುವುದಿಲ್ಲ. ಯಂತ್ರ ಓಡುವಾಗ ಅತ್ತೆ, ನಾಯಿ ಇಬ್ಬರೂ ಒಳಗೆ. ಕೆಲಸ ಮುಗಿದ ಮೇಲೆ ಏರ್ ಫಿಲ್ಟರ್ ತೆಗೆದು ತಟ್ಟುತ್ತೇನೆ, ಪ್ರತಿ ಸಲ ಕೆಂಪು ಪುಡಿ ಉದುರುತ್ತದೆ. ಇಲ್ಲಿಯ ಮಣ್ಣಿಗೆ ಒಂದು ಫಿಲ್ಟರ್ ಹೆಚ್ಚಿಗೆ ತಂದಿಟ್ಟುಕೊಳ್ಳುವುದು ಲೇಸು.

ಎರಡು ವಾರಕ್ಕಿಂತ ಹೆಚ್ಚು ಬಿಡುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಇಡಲು ಗದಗದ ತಮ್ಮ ಹೇಳಿದ್ದಾನೆ. ಜೂನ್ ಬಂತೆಂದರೆ ಇಲ್ಲಿ ಸೆಪ್ಟೆಂಬರ್ ತನಕ ಅದಕ್ಕೆ ಕೆಲಸ ಇಲ್ಲ. ಮೇ ಕೊನೆಯಲ್ಲಿ ಮಡಗಾಂವ್‌ಗೆ ಸರ್ವಿಸಿಗೆ ಕೊಟ್ಟು, ಪ್ಲಗ್ ತೆಗೆದು ಎರಡು ಹನಿ ಆಯಿಲ್ ಬಿಡಿಸಿ, ಒಣ ಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡುವುದು ಅಂತ ಮಾತಾಗಿದೆ. ಮೊದಲ ಸರ್ವಿಸ್ ಉಚಿತ, ಸಾಗಾಟದ ಖರ್ಚು ನಮ್ಮದು.